ಹಲಗೆಯ ಮೇಲಿನ ಐದನೇ ಮನೆ

ಕಂತು ಹನ್ನೆರಡು

"ಇನ್ನೂ ಎಷ್ಟ್ ದಿನ ಆ ಗುಂಡಿನೇ ನೋಡ್ತಾ ಕೂತಿರ್ತೀರ ಆಂಟಿ? ನಾಳೆ ಬೆಳಿಗ್ಗೆ ಕಾಂಕ್ರೀಟ್ ಗಾಡಿ ಬರ್ತದೆ. ಮುಚ್ಚುಸ್ಬುಡ್ತೀನಿ."

ಅಶ್ವತ್ಥ್ ಕಾರಿನ ಕಿಟಕಿ ಇಳಿಸಿ ಹೇಳಿದ. ನಾನು ನೆಲದಡಿಯ ನೀರಿನ ಸಂಪಿನ ಪಕ್ಕ ಮಂಡಿಯೂರಿ ಕೂತಿದ್ದೆ. ಅರವತ್ತು ದಾಟಿದ ಮಂಡಿ. ಊರುವುದೇನೋ ಊರಿಬಿಡಬಹುದು, ಏಳುವುದು ಆಮೇಲಿನ ಮಾತು.

ಹತ್ತೊಂಬತ್ತು ದಿನದ ಹಿಂದೆ ಇದೇ ಸಂಪಿನಲ್ಲಿ ಅವನ ಅಪ್ಪ, ಜಕ್ಕೂರಿನ ಈ ಒಂಬತ್ತು ಮನೆಗಳ ಕಟ್ಟಡದ ಮಾಲೀಕ ದೊಡ್ಡಮುನಿಯಪ್ಪ, ಹೆಣವಾಗಿ ಸಿಕ್ಕಿದ್ದರು. ಕೊಲೆ ಎಂದು ಪೊಲೀಸರು ಒಳಗೆ ಹಾಕಿದ್ದು ಇಲ್ಲಿ ನೀರು ಬಿಡುತ್ತಿದ್ದ ಗುಲಾಮ್ ರಸೂಲ್ ಅವರನ್ನು. ಅಬ್ಬಾನನ್ನು ಬಿಡಿಸಿಕೊಡಿ ಎಂದು ನನ್ನ ಬೆನ್ನು ಹತ್ತಿದ್ದು ಅವರ ಮಗಳು ಜಹೀರಾ.

"ಸಂಪು ಮುಚ್ಚಿಸಿದ್ರೆ ನೀರು ಎಲ್ಲಿ ತುಂಬಿಸ್ತೀಯಪ್ಪ?" ಎಂದೆ.

"ಟ್ಯಾಂಕರ್ ನೀರು ಸೀದಾ ಮ್ಯಾಲಿನ್ ಟ್ಯಾಂಕಿಗೇ ಬೀಳ್ತಾ ಐತಲ್ಲ, ಅಷ್ಟು ಸಾಕು. ಆಮೇಲೆ ಎಲ್ಲಾರ್ನೂ ಖಾಲಿ ಮಾಡುಸ್ತೀನಿ. ನಮ್ಮಪ್ಪ ಸತ್ತಿರೋ ಗುಂಡಿನ ನಾನು ದಿನಾ ನೋಡ್ಕೊಂಡಿರ್ಲಾ?"

ಈ ಹುಡುಗನ ಮೇಲೆ ನನಗೆ ಹತ್ತು ದಿನ ಗುಮಾನಿ ಇತ್ತು. ಅಪ್ಪ ಹೋದರೆ ಜಾಗ ಇವನಿಗೆ, ಕಟ್ಟಡ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಆಸೆಯೂ ಇವನಿಗೆ. ಆದರೆ ಆ ಬುಧವಾರ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಇವನು ಯಲಹಂಕದ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಆಕಳಿಸುತ್ತಾ ಕೂತಿದ್ದನ್ನು ಕ್ಯಾಮೆರಾದಲ್ಲಿ ನಾನೇ ನಿನ್ನೆ ನೋಡಿ ಬಂದಿದ್ದೆ. ಇವತ್ತು ಅವನ ಮುಖ ನೋಡಲು ನಾಚಿಕೆಯಾಯಿತು.

"ರಸೂಲಣ್ಣ ನನ್ನ ತನ್ನ ಹೆಗಲ ಮ್ಯಾಲೆ ಕೂರುಸ್ಕೊಂಡು ಕೆರೆ ತೋರುಸ್ತಿದ್ದೋನು ಆಂಟಿ," ಎಂದ ಅಶ್ವತ್ಥ್. "ಅವ್ನೇ ಇಂಗೆ ಮಾಡಾದಾ? ನೆನುಸ್ಕೊಂಡ್ರೆ ಅನ್ನ ಇಳಿಯಲ್ಲ." ಕಿಟಕಿ ಏರಿಸಿಕೊಂಡು ಹೊರಟುಹೋದ.

ನಾನು ಸಂಪಿನ ಕಡೆ ತಿರುಗಿದೆ.

ಪೊಲೀಸರ ಕಥೆ ಬಲು ಸುಲಭ. ಸಂಪಿನ ಬೀಗಕ್ಕೆ ಇದ್ದದ್ದು ಒಂದೇ ಕೀ, ಅದು ಗುಲಾಮ್ ರಸೂಲ್ ಜೇಬಿನಲ್ಲಿ ಸಿಕ್ಕಿತು. ಹಿಂದಿನ ಸಂಜೆ ಮುನಿಯಪ್ಪನವರು ಮೇಲಿನ ಮನೆಗಳಿಗೆ ನೀರು ನಿಲ್ಲಿಸು ಎಂದಿದ್ದರು, ಇವರು ನಿಲ್ಲಿಸುವುದಿಲ್ಲ ಎಂದಿದ್ದರು, ಇಬ್ಬರೂ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಮಾರನೇ ದಿನ ಹನ್ನೆರಡಕ್ಕೆ ಮುದುಕರು ನೀರಿನಲ್ಲಿ, ತಲೆಗೆ ಪೆಟ್ಟು. ತಲೆಗೆ ಹೊಡೆದು ತಳ್ಳಿದ ಎಂದು ಬರೆದು ಫೈಲು ಕಟ್ಟಿಟ್ಟರು. ಗುಲಾಮ್ ರಸೂಲ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಜೈಲಿನಲ್ಲಿ ನಾನು ಎರಡು ಸಲ ಹೋಗಿ ಕೇಳಿದರೂ ತಲೆ ತಗ್ಗಿಸಿಕೊಂಡು ಕೂತಿದ್ದರು. ಆ ಮೌನ ನೋಡಿ ನನಗೆ ಸಿಟ್ಟೇ ಬಂದಿತ್ತು.

ನಾನು ಇಪ್ಪತ್ತೆಂಟು ವರ್ಷ ಹೆಬ್ಬಾಳ, ಆರ್.ಟಿ. ನಗರದ ಗಲ್ಲಿಗಳಲ್ಲಿ ನೀರಿನ ಮೀಟರ್ ಓದಿ ರಿಟೈರ್ ಆದವಳು. ಗಂಡ ಸತ್ತಾಗ ಸಿಕ್ಕ ಕೆಲಸ, ಅಳುತ್ತಲೇ ಸೇರಿದೆ, ಆಮೇಲೆ ಅದೇ ನನ್ನ ಜೀವವಾಯಿತು. ಈಗ ಲಾಯರ್ ಪ್ರತಿಭಾ ಜೊತೆ ಈ ಪತ್ತೆ ಕೆಲಸ. ಅಕ್ಕಯ್ಯಮ್ಮನಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದು ನಮ್ಮ ರಸ್ತೆಯವರು ಕೇಳುತ್ತಾರೆ. ಅವರಿಗೆ ಟಿವಿ ಸಾಕು, ನನಗೆ ಸಾಲದು.

ಸಂಪಿನ ಮುಚ್ಚಳ ಚೌಕದ ಕಬ್ಬಿಣದ ತಗಡು. ಒಬ್ಬರು ಎತ್ತಬಹುದು, ಆದರೆ ಗಟ್ಟಿ ತೋಳು ಬೇಕು. ಪಂಚನಾಮೆ ಮುಗಿದಿದ್ದರಿಂದ ಪೊಲೀಸರು ಅದನ್ನು ಅಲ್ಲೇ ಗೋಡೆಗೆ ಒರಗಿಸಿಟ್ಟು, ಸಂಪಿನ ಬಾಯಿಗೆ ಹಲಗೆ ಅಡ್ಡ ಹಾಕಿ ಹೋಗಿದ್ದರು. ನಾನು ಹಲಗೆ ಸರಿಸಿ, ಮುಚ್ಚಳವನ್ನು ಹೇಗೋ ಎಳೆದು ತಂದು ಬಾಯಿಗೆ ಕೂರಿಸಿದೆ. ಹಿಡಿ ಗೋಡೆಯ ಕಡೆಗೆ. ಕಚ್ಚಿಕೊಂಡು ಕೂತಿತು. ಮೇಲೆ ನಿಂತೆ, ಅಲುಗಲಿಲ್ಲ. ಬೀಗದ ಪಟ್ಟಿ ಸರಿಯಾಗಿ ಕೊಂಡಿಯ ಮೇಲೆ ಬಂತು.

ಆಮೇಲೆ ಇನ್ನೊಂದು ಥರ ತಿರುಗಿಸಿದೆ. ಹಿಡಿ ಗೇಟಿನ ಕಡೆಗೆ. ಮೇಲಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ, ಕೆಳಗಿನ ಮಡಿಕೆಯ ಅಂಚು ಮಾತ್ರ ಚೌಕಟ್ಟಿಗೆ ಸೇರುವುದಿಲ್ಲ. ಆದರೆ ಅಂಚಿಗೆ ಕಾಲು ಒತ್ತಿದ ಕೂಡಲೇ ಒಂದು ಬದಿ ಕೆಳಗೆ ಹೋಗಿ, ಇನ್ನೊಂದು ಬದಿ ನನ್ನ ಮೊಣಕಾಲಿನವರೆಗೆ ಎದ್ದು ನಿಂತಿತು. ಕಾಲು ಹಿಂದಕ್ಕೆ ಎಳೆದುಕೊಂಡು ಅಲ್ಲೇ ಕುಸಿದು ಕೂತೆ.

ಫೋನು ತೆಗೆದು, ಪೊಲೀಸರು ಆವತ್ತು ತೆಗೆದಿದ್ದ ಸಂಪಿನ ಫೋಟೋ ಮತ್ತೆ ನೋಡಿದೆ. ಮುಚ್ಚಳ ಸಂಪಿನ ಬಾಯಲ್ಲಿ ಓರೆಯಾಗಿ ಸಿಕ್ಕಿಕೊಂಡಿದೆ. ಹಿಡಿ ಗೇಟಿನ ಕಡೆಗಿದೆ. ಬೀಗ ಬರೀ ಕೊಂಡಿಗೆ ಹಾಕಿದ ಹಾಗಿದೆ, ಪಟ್ಟಿ ಅದರೊಳಗೆ ಬಂದೇ ಇಲ್ಲ. ಅಷ್ಟು ಹೊತ್ತೂ ನನ್ನ ಕಣ್ಣೆದುರೇ ಇದ್ದದ್ದು.

ಯಾರೂ ಹೊಡೆದಿಲ್ಲ. ಯಾರೂ ತಳ್ಳಿಲ್ಲ. ಯಾರೋ ಮುಚ್ಚಳ ತೆಗೆದು ತಿರುಗುಮುರುಗು ಮುಚ್ಚಿದ್ದಾರೆ, ಮುದುಕರು ಅದರ ಮೇಲೆ ಕಾಲಿಟ್ಟಿದ್ದಾರೆ, ಬೀಳುವಾಗ ಸಂಪಿನ ಅಂಚು ತಲೆಗೆ ಬಡಿದಿದೆ. ಆ ಯಾರೋ ಗುಲಾಮ್ ರಸೂಲ್ ಅಂತೂ ಅಲ್ಲ. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಇದನ್ನು ಮುಚ್ಚಿದ ಮನುಷ್ಯ ನಿದ್ದೆಗಣ್ಣಲ್ಲಿ ಮುಚ್ಚಿದರೂ ಸರಿಯಾಗಿಯೇ ಮುಚ್ಚುತ್ತಾರೆ.

ಹಾಗಾದರೆ ಯಾರು? ಅವರಿಲ್ಲದ ಹೊತ್ತಲ್ಲಿ ಕದ್ದು ಸಂಪು ತೆಗೆಯುವಂಥ ಅವಸರ ಯಾರಿಗೆ?

ಮಂಡಿ ಹಿಡಿದು ಏಳುವಾಗ ಕಣ್ಣೆದುರಿಗೆ ಹಲಗೆ ಬಂತು.

ಸಂಪಿನ ಮೇಲಿನ ಗೋಡೆಗೆ ಹೊಡೆದಿರುವ ಕಪ್ಪು ಹಲಗೆ ಅದು, ಶಾಲೆಯದ್ದರ ಹಾಗೆ. ಹೋದ ವರ್ಷ ಒಂಬತ್ತು ಮನೆಗೂ ಬೇರೆ ಬೇರೆ ಮೀಟರ್ ಬಂದಾಗ ಗುಲಾಮ್ ರಸೂಲ್ ತಾವೇ ತಂದು ಹಾಕಿದ್ದು. ಯಾವ ಮನೆಗೆ ದಿನಕ್ಕೆ ಎಷ್ಟು ಲೀಟರ್ ನೀರು ಹೋಯಿತು ಎಂದು ದಿನಾ ಬೆಳಿಗ್ಗೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಬಿಲ್ಲು ಇಳಿಯಬೇಕಾದರೆ ನಂಬರು ಕಣ್ಣಿಗೆ ಬೀಳುತ್ತಿರಬೇಕು ಎನ್ನುವುದು ಅವರ ಮಾತು. ಅವರು ಜೈಲಿಗೆ ಹೋದ ಮೇಲೆ ಜಹೀರಾ ಬರೆಯುತ್ತಿದ್ದಾಳೆ. ಅಬ್ಬಾ ಬರುವವರೆಗೆ ನಿಲ್ಲಿಸಬಾರದು ಎಂದಿದ್ದಳು. ಹಳೆಯ ತಿಂಗಳುಗಳದ್ದೆಲ್ಲ ಹಲಗೆಯ ಕೆಳಗೆ ತೂಗುಹಾಕಿದ ಪುಸ್ತಕದಲ್ಲಿದೆ. ಮುನಿಯಪ್ಪನವರು ದಿನಾ ಮಧ್ಯಾಹ್ನ ಈ ಮುಚ್ಚಳದ ಮೇಲೆ ನಿಂತೇ ಹಲಗೆ ಓದುತ್ತಿದ್ದರು.

ಪುಸ್ತಕ ಬಿಚ್ಚಿದೆ. ಮೀಟರ್ ನಂಬರು ಓದುವುದು ನನಗೆ ಅನ್ನ ಉಂಡಷ್ಟೇ ಸಲೀಸು. ಎರಡನೇ ಮನೆ, ಮುನ್ನೂರರ ಆಸುಪಾಸು, ಕದಲಿಲ್ಲ. ಏಳನೇ ಮನೆ ನಾನೂರೈವತ್ತು, ಕದಲಿಲ್ಲ. ಐದನೇ ಮನೆ, ಫೆಬ್ರವರಿಯಲ್ಲಿ ಆರುನೂರ ನಲವತ್ತು. ಮಾರ್ಚ್ ನಾಲ್ಕರಿಂದ ನಾನೂರ ಹತ್ತು.

ಐದನೇ ಮನೆ ನಸೀಮಾದು. ಸಂಪಿಗೆ ಹತ್ತು ಹೆಜ್ಜೆ ದೂರ. ಅವಳ ಗಂಡ ಸಲ್ಮಾನ್ ಯಶವಂತಪುರದಲ್ಲಿ ಟೈರ್ ಅಂಗಡಿಯಲ್ಲಿರುತ್ತಾನೆ. ಮಾರ್ಚ್ ಮೊದಲ ವಾರ ಚಿಕ್ಕಬಾಣಾವರದಲ್ಲಿ ಬೋರ್‌ವೆಲ್ ಬತ್ತಿತೆಂದು ಅವಳ ನಾದಿನಿ ಎರಡು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೇ ಬಂದು ಕೂತಳು. ಐದು ಜನ ಇದ್ದ ಮನೆ ಎಂಟಾಯಿತು. ಜನ ಹೆಚ್ಚಿದರು, ನೀರು ಇಳಿಯಿತು.

ಅದೇ ವಾರ ಗುಲಾಮ್ ರಸೂಲ್ ಎಲ್ಲರ ನಲ್ಲಿಗಳಿಗೂ ನೀರು ಚದುರಿಸಿ ಉಳಿಸುವ ಜರಡಿ ಹಾಕಿದ್ದರು. ಅದರಿಂದಲೇ ಇಳಿಯಿತೆಂದು ಎಲ್ಲರೂ ನಂಬಿದ್ದರು. ನಾನೂ ಮೊದಲ ಸಲ ನೋಡಿದಾಗ ಭೇಷ್ ಎಂದುಕೊಂಡಿದ್ದೆ. ಎಂಥಾ ದಡ್ಡಿ ನಾನು.

ಈಗ ಹಲಗೆ ನೋಡಿದೆ. ಮುನಿಯಪ್ಪನವರು ಸತ್ತ ಮಾರನೇ ದಿನದಿಂದ, ಸಂಪು ಬಂದ್ ಆದ ದಿನದಿಂದ, ಐದನೇ ಮನೆ ಎಂಟುನೂರ ಮೂವತ್ತು. ಜಹೀರಾಳ ದುಂಡು ಅಕ್ಷರದಲ್ಲಿ, ದಿನಾ.

ಮೀಟರ್ ಇರುವುದು ಮೇಲಿನ ಟ್ಯಾಂಕಿನಿಂದ ಮನೆಗೆ ಬರುವ ಪೈಪಿಗೆ. ಸಂಪಿನಿಂದಲೇ ಬಕೆಟ್ ಇಳಿಬಿಟ್ಟು ಸೇದಿಕೊಂಡರೆ ಆ ನೀರು ಯಾವ ಮೀಟರಿಗೂ ಸಿಗುವುದಿಲ್ಲ. ಸಂಪು ಇರುವವರೆಗೆ ಇಳಿದ ನಂಬರು, ಸಂಪು ಮುಚ್ಚಿದ ಕೂಡಲೇ ಏರಿತು.

ಸಿಕ್ಕಿಬಿದ್ದೆಯಲ್ಲೇ ನಸೀಮಾ, ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗಾದಷ್ಟು ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಹಲಗೆ, ಪುಸ್ತಕದ ಆರು ಹಾಳೆ, ಮುಚ್ಚಳ ಎರಡೂ ಥರ ಕೂರಿಸಿದ್ದು, ಎಲ್ಲದರ ಫೋಟೋ ಹೊಡೆದು ಪ್ರತಿಭಾಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಅಕ್ಕಯ್ಯಮ್ಮ, ಇದು ಚಿನ್ನ ಕಣ್ರೀ. ಹನ್ನೊಂದೂವರೆಗೆ ಬೇಲ್ ಅರ್ಜಿ ಬರ್ತಾ ಇದೆ. ಈಗ್ಲೇ ಅರ್ಜಿ ಜೊತೆ ಹಾಕ್ತೀನಿ. ಐದನೇ ಮನೆಯವರನ್ನ ಕೇಳಿದ್ರಾ?"

"ಬಾಗ್ಲು ಹಾಕಿದೆ. ಬಂದ್ಮೇಲೆ ಕೇಳ್ತೀನಿ. ಏನ್ ಕೇಳೋದು, ನಂಬರೇ ಹೇಳ್ತಾ ಇದೆಯಲ್ಲ. ನೀನು ಹಾಕಮ್ಮ."

ಮೀಟರ್ ಓದುವವರ ಕೆಲಸವೇ ಹಾಗೆ. ನಂಬರು ನೋಡು, ಚೀಟಿ ಹರಿದು ಗೇಟಿಗೆ ಸಿಕ್ಕಿಸು, ಮುಂದಿನ ಮನೆಗೆ ನಡಿ. ಬಾಗಿಲು ತಟ್ಟಿ ಯಾಕಮ್ಮಾ ಇಷ್ಟು ನೀರು ಖರ್ಚಾಯಿತು ಎಂದು ಕೇಳುತ್ತಾ ನಿಂತರೆ ದಿನಕ್ಕೆ ನೂರು ಮನೆ ಮುಗಿಯುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ಯಾರನ್ನೂ ಕೇಳಿದವಳಲ್ಲ.

ಮೆಟ್ಟಿಲ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ತಿಂದೆ. ಜಹೀರಾ ಮತ್ತು ಅವಳ ಅಮ್ಮ ಮೆಹಬೂಬ್ ಬೀ ಕೋರ್ಟಿಗೆ ಹೋಗಿದ್ದರು. ಅವರಿರುವ ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಹಾಕಿತ್ತು. ಸಂಜೆ ಆ ಹುಡುಗಿಯ ಮುಖ ಹೇಗಿರಬಹುದು ಎಂದು ಯೋಚಿಸುತ್ತಾ ಇನ್ನೆರಡು ತುತ್ತು ಜಾಸ್ತಿಯೇ ತಿಂದೆ.

ಒಂದೂವರೆಗೆ ನಸೀಮಾ ರೇಷನ್ ಚೀಲ ಹೊತ್ತುಕೊಂಡು ಬಂದಳು. ಮೂವತ್ತು ದಾಟಿದ ಹೆಂಗಸು, ಸೊಂಟದ ಮೇಲೆ ಒಂದು ಕೈ. ನಾನು ಹಿಂದೆಯೇ ಒಳಗೆ ಹೋದೆ.

ಒಳಗೆ ಹೋದವಳು ಸುತ್ತ ಕಣ್ಣಾಡಿಸಿದೆ. ವಾಷಿಂಗ್ ಮಷೀನಿನ ಪೈಪು ನೀಲಿ ಡ್ರಮ್ಮಿಗೆ ಬಿಟ್ಟಿದ್ದಳು, ಅದು ನೆಲ ಒರೆಸುವುದಕ್ಕೆ. ಫಿಲ್ಟರ್ ಹೊರಗೆ ಬಿಡುವ ನೀರು ಕೊಡದಲ್ಲಿ, ಅದು ಪಾತ್ರೆಗೆ. ಅಕ್ಕಿ ತೊಳೆದ ನೀರೂ ಒಂದು ಬೋಗುಣಿಯಲ್ಲಿತ್ತು. ಬಚ್ಚಲಲ್ಲಿ ಎಂಟು ಸಣ್ಣ ಬಕೆಟ್ಟು, ಒಬ್ಬೊಬ್ಬರಿಗೆ ಒಂದೊಂದು. ನಾನು ಕಂಡ ಸಾವಿರಾರು ಮನೆಗಳಲ್ಲಿ ಇಷ್ಟು ಜೋಪಾನ ನೋಡಿರಲಿಲ್ಲ.

"ನಸೀಮಾ, ನಿಮ್ಮನೆ ಮೀಟರು ನಾನೂರಕ್ಕೆ ಇಳೀತು, ಆಮೇಲೆ ಎಂಟುನೂರಕ್ಕೆ ಏರ್ತು. ಯಾಕೆ?"

"ಮೀಟರ್ ಕೆಟ್ಟಿದೆ ಅಮ್ಮಾ."

"ಕೆಟ್ಟ ಮೀಟರು ನಿಲ್ತದೆ, ಇಲ್ಲಾ ಸುಮ್ನೆ ಓಡ್ತದೆ. ಸಂಪು ಬಂದ್ ಆದ ದಿನ ನೋಡ್ಕೊಂಡು ಓಡೋ ಮೀಟರ್ ನಾನು ಕಂಡಿಲ್ಲ."

ಅವಳು ಚೀಲ ಕೆಳಗಿಟ್ಟಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು.

"ಸಂಪಿಂದ ಸೇದ್ತಿದ್ದೆ ತಾನೇ?"

"ಹೌದು," ಎಂದಳು. ಇಷ್ಟು ಬೇಗ ಒಪ್ಪುತ್ತಾಳೆಂದು ನಾನೂ ಅಂದುಕೊಂಡಿರಲಿಲ್ಲ. "ಎಲ್ಲಾ ಮಾಡಿದ್ದೆ ಅಮ್ಮಾ. ನೀವೇ ನೋಡ್ತಿದೀರಲ್ಲ. ರಸೂಲ್ ಭಾಯ್ ಏನೇನ್ ಹೇಳಿದ್ರೋ ಎಲ್ಲಾ. ಆದ್ರೂ ಆರುನೂರು. ಎಂಟು ಜನ ಆದ್ಮೇಲೆ ಏನ್ ಮಾಡ್ಲಿ, ಬಂದಿರೋ ಮಕ್ಳಿಗೆ ಸ್ನಾನ ಮಾಡ್ಬೇಡಿ ಅನ್ಲಾ? ದಿನಾ ಹಲ್ಗೇಲಿ ನಮ್ ಮನೇನೇ ಜಾಸ್ತಿ. ಮೇಲಿನ್ ಮನೆ ಮೋನಿಕಾ ಇದಾಳಲ್ಲ, ಅವ್ಳು ಮೆಟ್ಲಿಳೀವಾಗ ಜೋರಾಗಿ ಓದ್ಕೊಂಡೇ ಇಳೀತಾಳೆ. ತಿಂಗಳ ಕೊನೇಗೆ ಯಾರ್ದು ಜಾಸ್ತಿನೋ ಅವ್ರು ಖಾಲಿ ಮಾಡ್ಬೇಕು ಅಂತ ಮುನಿಯಪ್ಪಜ್ಜ ಅಂದ್ಬಿಟ್ರು. ಎಂಟು ಜನ ಇರೋ ನಮ್ಗೆ ಯಾರ್ ಮನೆ ಕೊಡ್ತಾರೆ ಅಮ್ಮಾ? ಅದೂ ನಮ್ಗೆ?"

ಆ ಕೊನೆಯ ಮಾತು ನಿಜವೇ. ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ.

"ನಿನ್ನ ಮನೆ ಉಳೀಲಿ ಅಂತ ಗುಲಾಮ್ ರಸೂಲ್ ಜೈಲಲ್ಲಿ ಕೊಳೀಬೇಕಾ? ಹತ್ತೊಂಬತ್ತು ದಿನದಿಂದ ಆ ಹುಡುಗಿ ಊಟ ಬಿಟ್ಟು ಓಡಾಡ್ತಾ ಇದೆ. ನಿನ್ನ ಕಣ್ಮುಂದೇನೇ ಓಡಾಡ್ತಾ ಇದೆ. ಒಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ ನಿಂಗೆ? ಮುಚ್ಚಳ ತೆಗೆದು ತಿರುಗುಮುರುಗು ಮುಚ್ಚಿದ್ದು ನೀನು."

ನಸೀಮಾ ಸೆರಗು ಸರಿಸಿ ಸೊಂಟ ತೋರಿಸಿದಳು. ಅಗಲದ ಬೆಲ್ಟ್ ಬಿಗಿದಿತ್ತು.

"ಡಿಸ್ಕ್ ಜಾರಿದೆ. ಈ ರೇಷನ್ ಚೀಲ ಎತ್ತಿದ್ರೇ ರಾತ್ರಿ ನಿದ್ದೆ ಇಲ್ಲ. ಆ ಕಬ್ಬಿಣ ನಾನು ಎತ್ತೋಕಾಗುತ್ತಾ ಅಮ್ಮಾ?"

"ಹಾಗಾದ್ರೆ ನಿನ್ನ ನಾದಿನಿ."

"ಅವ್ಳು ಬಕೆಟ್ ಹೊರ್ತಿದ್ಳು. ಬೀಗ ಹೇಗೆ ತೆಗೀತಾಳೆ? ಕೀ ಎಲ್ಲಿಂದ ಬರ್ಬೇಕು?"

ಬೆಳಿಗ್ಗೆಯಿಂದ ಆ ಕೀಯ ವಿಚಾರವೇ ನನ್ನ ತಲೆಗೆ ಬಂದಿರಲಿಲ್ಲ.

"ನೀವು ಯಾರಿಗೋಸ್ಕರ ಓಡಾಡ್ತಿದೀರಾ ಅಮ್ಮಾ?" ಎಂದು ಕೇಳಿದಳು ನಸೀಮಾ.

"ಜಹೀರಾಗೋಸ್ಕರ."

"ಹಾಗಿದ್ರೆ ಇಲ್ಲಿಗೇ ಬಿಟ್ಬಿಡಿ. ನಿಮ್ ಕಾಲಿಗೆ ಬೀಳ್ತೀನಿ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅರ್ಥವಾಯಿತು. ಅರ್ಥವಾದರೂ ಆಗಲಿಲ್ಲ ಎಂದುಕೊಂಡು, ಕೀ ತಂದವರು ಯಾರು ಎಂದು ಕೇಳಿದೆ. ಅವಳು ಹೇಳಿದಳು.

ದಿನಾ ಹತ್ತು ಗಂಟೆಗೆ ಗುಲಾಮ್ ರಸೂಲ್ ಪಕ್ಕದ ಬೀದಿಯ ಕಟ್ಟಡಕ್ಕೆ ನೀರು ಬಿಡಲು ಹೋಗುತ್ತಿದ್ದರು. ಈ ಸಂಪಿನ ಕೀ ಮನೆಯಲ್ಲಿ ಮೊಳೆಗೆ ತೂಗುತ್ತಿತ್ತು. ಜಹೀರಾ ಅದನ್ನು ತರುತ್ತಿದ್ದಳು. ನಸೀಮಾ ಒಂದು ದಿನ ಹಲಗೆಯ ಮುಂದೆ ನಿಂತು ಅತ್ತಿದ್ದನ್ನು ನೋಡಿದ್ದಳಂತೆ, ತಾನೇ ಬಂದು ಕೇಳಿದ್ದಳಂತೆ. ನರ್ಸಿಂಗ್ ಓದುವ ಹುಡುಗಿ, ರೋಗಿಗಳನ್ನು ಎತ್ತಿ ಎತ್ತಿ ಗಟ್ಟಿಯಾದ ತೋಳು. ಮುಚ್ಚಳ ತೆಗೆದುಕೊಡುವಳು, ಇಪ್ಪತ್ತು ಬಕೆಟ್ ಆದ ಮೇಲೆ ಬಂದು ಮುಚ್ಚುವಳು, ಕೀ ಮೊಳೆಗೆ ಹಾಕಿ ಕಾಲೇಜಿಗೆ ಹೋಗುವಳು. ಅಬ್ಬಾನಿಗೆ ಗೊತ್ತಾಗಬಾರದು, ಮೀಟರಿಗೆ ಮೋಸ ಮಾಡಿದರೆ ಅವರು ಒಪ್ಪುವುದಿಲ್ಲ ಎಂದಿದ್ದಳು.

"ಆವತ್ತು ಅವ್ಳಿಗೆ ಪ್ರಾಕ್ಟಿಕಲ್ ಪರೀಕ್ಷೆ," ಎಂದಳು ನಸೀಮಾ. "ಬಸ್ ತಪ್ಪುತ್ತೆ ಅಂತ ಅವಸರ ಅವಸರವಾಗಿ ಮುಚ್ಚಿ ಓಡಿದ್ಳು. ನಾನು ನೋಡ್ಲಿಲ್ಲ ಅಮ್ಮಾ. ನೋಡ್ಬೇಕಾಗಿತ್ತು."

"ಅವಳಿಗೆ ಗೊತ್ತಾ?"

"ಇಲ್ಲ. ಸರಿಯಾಗೇ ಮುಚ್ಚಿದೀನಿ ಅಂದ್ಕೊಂಡಿದಾಳೆ. ಆಮೇಲೆ ಬೇರೆ ಯಾರೋ ತೆಗೆದಿದಾರೆ ಅಂತ. ಭಾಯ್‌ಗೆ ಗೊತ್ತು. ಮುಚ್ಚಳ ಮೊದ್ಲು ನೋಡಿದ್ದೇ ಅವ್ರು. ನನ್ನನ್ನ ಕೇಳಿದ್ರು, ನಾನು ಹೇಳ್ಬಿಟ್ಟೆ. ಕೀ ತಗೊಂಡು ಜೇಬಿಗೆ ಹಾಕ್ಕೊಂಡ್ರು. ಜಹೀರಾಗೆ ಸಾಯೋವರ್ಗೂ ಹೇಳ್ಬೇಡ ಅಂದ್ರು. ಅಷ್ಟರಲ್ಲಿ ಪೊಲೀಸ್ ಬಂದ್ಬಿಟ್ರು."

ಜೈಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಆ ಮನುಷ್ಯನ ಮೇಲೆ ನಾನು ಸಿಟ್ಟಾಗಿದ್ದೆ. ನನ್ನ ಜನ್ಮಕ್ಕಿಷ್ಟು.

ಕೋರ್ಟು ಇದನ್ನು ನಿರ್ಲಕ್ಷ್ಯ ಎನ್ನಬಹುದು. ಅದು ಎಷ್ಟೋ ವರ್ಷ ಆದ ಮೇಲಿನ ಮಾತು. ಠಾಣೆಯಲ್ಲಿ ಏನನ್ನುತ್ತಾರೆಂದು ನನಗೆ ಗೊತ್ತಿಲ್ಲವೇ? ಕೀ ಅಪ್ಪನದು, ಮುಚ್ಚಳ ತೆಗೆದವಳು ಮಗಳು, ಜಗಳ ಹಿಂದಿನ ಸಂಜೆಯೇ ಆಗಿತ್ತು, ಇಬ್ಬರೂ ಸೇರಿ ಹೊಂಚು ಹಾಕಿದರು. ಒಬ್ಬರ ಜಾಗಕ್ಕೆ ಇಬ್ಬರಾಗುತ್ತಾರೆ. ಅವರಿಗೆ ಬೇಕಾದ ಕಾಗದವನ್ನೆಲ್ಲ ನಾನೇ ಫೋಟೋ ಹೊಡೆದು, ಆರು ಹಾಳೆ ಸಮೇತ, ಕಳಿಸಿದ್ದೆ. ಬಾಗಿಲು ತಟ್ಟುವ ಮೊದಲೇ.

ಪ್ರತಿಭಾಗೆ ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಕೋರ್ಟಿನೊಳಗಿದ್ದರೆ ಅವಳು ಫೋನು ಮುಟ್ಟುವುದಿಲ್ಲ. ನಸೀಮಾ ಏನಾಯಿತು ಎಂದು ಕೇಳಿದಳು. ಅವಳಿಗೆ ಹೇಳುವುದಕ್ಕೂ ನನಗೆ ಮುಖವಿರಲಿಲ್ಲ.

"ನಸೀಮಾ, ಪೊಲೀಸ್ರು ಬಂದ್ರೆ ಕೀ ವಿಚಾರ ಎತ್ಬೇಡ," ಎಂದೆ. "ಬೀಗ ಹಾಕೇ ಇರ್ಲಿಲ್ಲ ಅನ್ನು."

"ಕುರಾನ್ ಮೇಲೆ ಕೈ ಇಟ್ಟು ಹೇಳು ಅಂದ್ರೆ?"

ನಾನು ಪ್ರತಿಭಾ ನಂಬರು ಇನ್ನೊಂದು ಸಲ ಒತ್ತಿದೆ. ಸ್ವಿಚ್ ಆಫ್.

ಆಗ ನನ್ನ ಫೋನು ಬಡಿದುಕೊಂಡಿತು. ಪ್ರತಿಭಾ ಅಲ್ಲ, ಜಹೀರಾ. ಹಿಂದೆ ಗಾಡಿ ಓಡುವ ಸದ್ದು. ಆ ಹುಡುಗಿಯ ದನಿಯಲ್ಲಿ ಇಷ್ಟು ದಿನ ಕೇಳದ ಲವಲವಿಕೆ.

"ಆಂಟಿ, ನೀವು ಏನೋ ಹುಡುಕಿದೀರಂತೆ. ಜಡ್ಜ್ ಸಾಹೇಬ್ರು ಫೋಟೋ ನೋಡಿ ಇನ್‌ಸ್ಪೆಕ್ಟರ್‌ನ ಬೈದ್ರು. ಇವತ್ತೇ ಹೋಗಿ ಮೀಟರ್ ನೋಡ್ಕೊಂಡ್ ಬನ್ನಿ ಅಂದ್ರು. ಪ್ರತಿಭಾ ಮೇಡಂ ಏನಂತ ಹೇಳ್ಲಿಲ್ಲ, ಹಲ್ಗೇಲೇ ಎಲ್ಲಾ ಇದೆ ಅಂದ್ರು ಅಷ್ಟೇ. ಹಲ್ಗೆ ಬರೆಯೋಳು ನಾನೇ ಅಂತ ನಾನೇ ಮುಂದೆ ಹೋಗಿ ಹೇಳ್ದೆ. ಅದಕ್ಕೇ ಜೀಪಲ್ಲಿ ಕರ್ಕೊಂಡ್ ಬರ್ತಾ ಇದಾರೆ. ಅಮ್ಮೀ ನಗ್ತಾ ಇದಾಳೆ ಆಂಟಿ, ಕೇಳಿಸ್ತಾ ಇದೆಯಾ? ಅಬ್ಬಾ ಇವತ್ತೇ ಬಂದ್ಬಿಡ್ತಾರಾ?"

"ಜಹೀರಾ, ನೀನು ಇನ್‌ಸ್ಪೆಕ್ಟರ್ ಹತ್ರ ಏನೂ ಮಾತಾಡ್ಬೇಡ. ಗಾಡಿ ನಿಲ್ಸು. ಇಳ್ಕೋ. ಹೊಟ್ಟೆ ನೋವು ಅನ್ನು, ಏನಾದ್ರೂ ಅನ್ನು."

"ಯಾಕೆ? ನಾವಾಗ್ಲೇ ನಮ್ ರೋಡಿಗೆ ತಿರುಗಿದ್ವಿ." ಆಮೇಲೆ ಅವಳು ದನಿ ತಗ್ಗಿಸಿದಳು. "ಆಂಟಿ, ಇನ್‌ಸ್ಪೆಕ್ಟರ್ ಐದನೇ ಮನೆ ಯಾವ್ದು ಅಂತ ಕೇಳ್ತಿದಾರೆ. ಐದನೇ ಮನೇನೇ ಯಾಕೆ ಕೇಳ್ತಿದಾರೆ?"

ನಾನು ಫೋನು ಕಿವಿಗೊತ್ತಿಕೊಂಡೇ ನಸೀಮಾಳ ಬಾಗಿಲಿಗೆ ಬಂದೆ. ಜೀಪಿನ ಹಾರನ್ ಫೋನಿನಲ್ಲೂ ಕೇಳಿಸಿತು, ಗೇಟಿನ ಹತ್ತಿರವೂ ಕೇಳಿಸಿತು.